ಒಂದು ಸುತ್ತು ಬಾಕಿ ಇದ್ದ ವರ

ಇಂಡಿ ಊರಿನ ರಾಚಪ್ಪನಿಗೆ ಲಿಂಬಿ ತೋಟವಿತ್ತು. ಅದಕ್ಕೇ ಅವನ ಮಾತಿನಲ್ಲಿ ಅಷ್ಟು ಹುಳಿ ಎಂದು ಊರವರು ಹೇಳುತ್ತಿದ್ದರು. ನಿಜವಾಗಿ ಹುಳಿ ಬಂದದ್ದು ಲಿಂಬಿಯಿಂದಲ್ಲ, ಶರ್ಯತ್ತಿನಿಂದ. ಸುತ್ತಲಿನ ಯಾವ ಊರಲ್ಲಿ ಎತ್ತಿನ ಗಾಡಿಯ ಶರ್ಯತ್ತು ನಡೆದರೂ ಯಾವ ಜೋಡಿ ಗೆದ್ದಿತೆಂದು ಹೇಳುವ ಪಂಚ ರಾಚಪ್ಪನೇ. ಅವನ ತೀರ್ಪಿಗೆ ಮೇಲ್ಮನವಿ ಇರಲಿಲ್ಲ, ಕೆಳದನಿಯ ಮನವಿಯೂ ಇರಲಿಲ್ಲ. ಅವನ ಶಾಸ್ತ್ರ ಬಹಳ ಸರಳ: ಧೂಳಿನ ಮುಂದೆ ಇದ್ದವನು ಗೆದ್ದ, ಧೂಳಿನೊಳಗೆ ಇದ್ದವನು ಸೋತ. ಒಮ್ಮೆ ಹೇಳಿದನೆಂದರೆ ಸೋತ ಗಾಡಿಯವನು ಕೂಡ ಟಾವೆಲ್ಲು ಕೊಡವಿಕೊಂಡು ಸುಮ್ಮನೆ ಮನೆಗೆ ಹೋಗುತ್ತಿದ್ದ.

ಇಂಥ ಪಂಚನ ಒಬ್ಬಳೇ ಮಗಳು ವಿಜಯಲಕ್ಷ್ಮಿಗೆ ಎರಡು ಕಡೆಯಿಂದ ಸಂಬಂಧ ಬಂದಿದ್ದವು.

ಮೊದಲನೆಯವನು ಮುದ್ದೇಬಿಹಾಳದ ಪರಮಾನಂದ, ದಲ್ಲಾಳಿ ವ್ಯಾಪಾರದ ಅಡತಿ ಅಂಗಡಿಯವರ ಮಗ. ಅಂಗಡಿಯ ಗಾದಿಯ ಮೇಲೆ ಕೂತನೆಂದರೆ ಊಟಕ್ಕೆ ಏಳುತ್ತಿದ್ದ, ಊಟಕ್ಕೆ ಕೂತನೆಂದರೆ ಗಾದಿಯ ನೆನಪಾದಾಗ ಏಳುತ್ತಿದ್ದ. ಇಷ್ಟೇ ಅವನ ವ್ಯಾಯಾಮ. ಕನ್ಯೆ ನೋಡಲು ಬಂದ ದಿನ ಅವನು ವಿಜಯಲಕ್ಷ್ಮಿಗೆ ಒಂದೇ ಪ್ರಶ್ನೆ ಕೇಳಿದ್ದ: "ಹೋಳಿಗಿ ತುಪ್ಪದಾಗ ತಿಂತೀರೋ, ಹಾಲಿನಾಗ ತಿಂತೀರೋ?" ಆಕೆ ಬಾಯಿ ತೆರೆಯುವ ಮೊದಲೇ, "ನಾ ಎರಡರಾಗೂ ತಿಂತೇನ್ರಿ," ಎಂದು ತಾನೇ ಉತ್ತರ ಹೇಳಿ ಸಂದರ್ಶನ ಮುಗಿಸಿದ್ದ.

ಎರಡನೆಯವನು ಹೂವಿನ ಹಿಪ್ಪರಗಿಯ ಸಿದ್ದಲಿಂಗ. ಹೊಲಮನೆ ಇದ್ದ ಮನೆತನವೇ. ಆದರೆ ಈತ ಡಿಪ್ಲೊಮಾ ಓದಿ ಬಸವನ ಬಾಗೇವಾಡಿಯಲ್ಲಿ ಗ್ಯಾರೇಜು ಹಾಕಿದ್ದ. ಸಾಲದ್ದಕ್ಕೆ ಮೋಟರ್ ಸೈಕಲ್ ರೇಸಿನ ಹುಚ್ಚು ಹಚ್ಚಿಕೊಂಡಿದ್ದ. ಒಬ್ಬನದು ಗಾದಿ, ಇನ್ನೊಬ್ಬನದು ಗಾಡಿ. ಅಪ್ಪನ ಒಲವು ಗಾದಿಯ ಕಡೆ, ಮಗಳ ಒಲವು ಗಾಡಿಯ ಕಡೆ.

ಮಗಳ ಒಲವಿಗೆ ಕಾರಣ ಒಂದು ಬೋಲ್ಟು. ಹಿಂದಿನ ವರ್ಷ ಬಾಗೇವಾಡಿಯಲ್ಲಿ ಗೆಳತಿಯ ಮದುವೆಗೆ ಹೋದಾಗ ಬೀಗರ ಟೆಂಪೊ ಹಾದಿಯಲ್ಲೇ ಕೆಟ್ಟು ನಿಂತಿತ್ತು. ಯಾರೋ ಒಬ್ಬ ಬಂದು ಬಾನೆಟ್ಟು ಎತ್ತಿ, ಬಿಚ್ಚಿದ ನಟ್ಟು ಬೋಲ್ಟುಗಳನ್ನೆಲ್ಲ ಪಕ್ಕದಲ್ಲಿ ನಿಂತಿದ್ದ ವಿಜಯಲಕ್ಷ್ಮಿಯ ಅಂಗೈಯಲ್ಲಿ ಸುರಿದು, "ಒಂದ ಕಳದ್ರೂ ಮದುವಿ ನಿಂದರ್ತೈತಿ ನೋಡ್ರಿ," ಎಂದಿದ್ದ. ರೇಷ್ಮೆ ಸೀರೆ ಉಟ್ಟ ಹುಡುಗಿಯ ಕೈಗೆ ಗ್ರೀಸು ಹಚ್ಚುವ ಧೈರ್ಯ ಅದುವರೆಗೆ ಯಾರೂ ಮಾಡಿರಲಿಲ್ಲ. ಎಲ್ಲ ಜೋಡಿಸಿ ಮುಗಿಸಿದ ಮೇಲೂ ಆಕೆಯ ಕೈಯಲ್ಲಿ ಒಂದು ಬೋಲ್ಟು ಉಳಿಯಿತು. ಅವನು ಅದನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿ, "ಇದು ಕಂಪನಿಯವ್ರು ಪ್ರೀತಿಲೆ ಹೆಚ್ಚಿಗಿ ಹಾಕಿರ್ತಾರ್ರಿ," ಎಂದು ಬೇಲಿಯಾಚೆ ಒಗೆದಿದ್ದ. ಟೆಂಪೊ ಹೊರಟಿತು. ವಿಜಯಲಕ್ಷ್ಮಿಯ ನಗು ಮಾತ್ರ ಇಂಡಿಯವರೆಗೂ ನಿಲ್ಲಲಿಲ್ಲ.

ಇದನ್ನು ಆಕೆ ಹೇಳಿದ್ದು ತಾಯಿ ಗುರವ್ವನ ಮುಂದೆ ಮಾತ್ರ. ಗುರವ್ವ ಹೆದರಿದಳು. "ಅಪ್ಪನ ಮುಂದ ಬಾಯಿ ಬಿಟ್ಟೀ ಮತ್ತ! ಅಂವ ಒಂದ ಹೋರಿ ಕೊಳ್ಳಾಕ ಸೈತ ನಾಕ ಸಂತಿ ತಿರಗ್ತಾನ. ನೀ ನೋಡಿದ್ರ ಬೋಲ್ಟ್ ಒಗದದ್ದ ನೋಡಿ ಗಂಡನ್ನ ಆರಿಸೀದಿ."

ಅಷ್ಟರಲ್ಲಿ ಸಿದ್ದಲಿಂಗನ ಸೋದರಮಾವ ರಾವಸಾಬ ಸಿಂದಗಿಯಿಂದ ಬಂದ. ಈ ಸಂಬಂಧ ತಂದವನೂ ಅವನೇ.

"ರಾಚಪ್ಪಣ್ಣಾ, ಬರೂ ಐತಾರ ಯಂಕಂಚಿ ಮಡ್ಡಿ ಮ್ಯಾಲ ಮೋಟರ್ ರೇಸ್ ಐತಿ. ನಮ್ಮ ಹುಡುಗ ಹೊಡ್ಯಾಂವ ಅದಾನ. ಮನಿ ಮಂದಿನೆಲ್ಲಾ ಕರಕೊಂಡ ಬರ್ರಿ. ವರ ನೋಡಿದಂಗೂ ಆತು, ರೇಸ್ ನೋಡಿದಂಗೂ ಆತು."

ರಾಚಪ್ಪ ಮೀಸೆಯ ಮೇಲೆ ಕೈಯಾಡಿಸಿದ. "ಬರ್ತೇನಿ. ಮೊದಲ ಬಂದ್ರ ಅಲ್ಲೇ ನಿಂತ ಜಾಗಾದಾಗ ಸಕ್ಕರಿ. ಎರಡನೇದಾಂವ ಆಗಿ ಬಂದ್ರ ಮರುದಿನ ಮುದ್ದೇಬಿಹಾಳಕ್ಕ ಫೋನ್ ಹಚ್ತೇನಿ."

"ಆಟದಾಗ ಹಿಂದ ಮುಂದ ಆಗೂದ ಇರ್ತೈತೆಲ್ರಿ..."

"ನನ್ನ ಅಳಿಯಾ ಆಗಾಂವ ಮಂದಿ ಧೂಳ ತಿನ್ನಬಾರದು. ಮಾತ ಮುಗೀತು."

ಈ ಕಡೆ ಮದುವೆಯ ಮಾತು ಗಟ್ಟಿಯಾಗುವುದು ಕಾಗದದಿಂದಲ್ಲ, ಸಕ್ಕರೆಯಿಂದ. ಹಿರಿಯರು ಹತ್ತು ಮಂದಿಯ ಎದುರಿಗೆ ಬೀಗರ ಬಾಯಿಗೆ ಸಕ್ಕರೆ ಹಾಕಿದರೆಂದರೆ ಕೆಲಸ ಆಯಿತು. ಆಮೇಲೆ ಹಿಂದೆ ಸರಿದವನ ಮನೆಗೆ ಹೆಣ್ಣು ಕೇಳಲೂ ಯಾರೂ ಬರುವುದಿಲ್ಲ, ಹೆಣ್ಣು ಕೊಡಲೂ ಬರುವುದಿಲ್ಲ, ಬಹಳವೆಂದರೆ ವಿದ್ಯುತ್ ಬಿಲ್ಲಿನವನು ಬರುತ್ತಾನೆ. ವಿಜಯಲಕ್ಷ್ಮಿ ಒಳಗೆ ನಿಂತು ಎಲ್ಲವನ್ನೂ ಕೇಳಿಸಿಕೊಂಡಳು. ತನ್ನ ಬಾಳು ಈಗ ಒಂದು ಮೋಟರ್ ಸೈಕಲ್ಲಿನ ಮೇಲೆ ಕೂತಿತ್ತು, ಅದೂ ಹಿಂದಿನ ಸೀಟಿನಲ್ಲಿ.

ಐತವಾರ ಹೊತ್ತೇರುವ ಮೊದಲೇ ಜೀಪು ಹೊರಟಿತು. ಜೀಪು ಎಷ್ಟು ಹಳೆಯದೆಂದರೆ ಅದರ ಆರ್.ಸಿ. ಬುಕ್ಕನ್ನು ಗೆದ್ದಲು ಓದಿ ಮುಗಿಸಿತ್ತು. ಮುಂದೆ ರಾಚಪ್ಪ, ಪಕ್ಕದಲ್ಲಿ ಅವನ ಅಕ್ಕ ಕಸ್ತೂರೆವ್ವ. ಗಂಡ ತೀರಿದ ಮೇಲೆ ತಮ್ಮನ ಮನೆಗೆ ಬಂದು, ಮನೆಯ ಜೊತೆಗೆ ತಮ್ಮನನ್ನೂ ನಡೆಸುತ್ತಿದ್ದ ಹೆಣ್ಣುಮಗಳು. ಮಡಿಲಲ್ಲಿ ಸಕ್ಕರೆಯ ಸ್ಟೀಲು ಡಬ್ಬಿ. ಹಿಂದೆ ಗುರವ್ವ, ವಿಜಯಲಕ್ಷ್ಮಿ, ಮತ್ತು ಅವರಿಬ್ಬರಿಗಿಂತ ಹೆಚ್ಚು ಜಾಗ ಹಿಡಿದ ಬುತ್ತಿ: ಸಜ್ಜಿ ರೊಟ್ಟಿಯ ಕಟ್ಟು, ಎಣಗಾಯಿ, ಶೇಂಗಾ ಚಟ್ನಿ, ಗಡಿಗೆಯ ಮೊಸರು, ಮಾದಲಿ. ಮೋಟರ್ ರೇಸು ಎಷ್ಟು ಹೊತ್ತು ನಡೆಯುತ್ತದೆಂದು ಯಾರಿಗೂ ಗೊತ್ತಿರಲಿಲ್ಲವಾದ್ದರಿಂದ ಗುರವ್ವ ಎರಡು ದಿನಕ್ಕಾಗುವಷ್ಟು ಕಟ್ಟಿದ್ದಳು.

ಯಂಕಂಚಿಯ ಮಡ್ಡಿ ಎಂದರೆ ಕಲ್ಲುಮಣ್ಣಿನ ಬೋಳು ದಿಬ್ಬ. ಅದರ ಸುತ್ತಲೂ ಸುಣ್ಣದ ಪುಡಿ ಚೆಲ್ಲಿ ಹಾದಿ ಮಾಡಿದ್ದರು. ಗಾಡಿಗಳು ಗೆರೆಯಿಂದ ಹೊರಟು, ದಿಬ್ಬದ ಹಿಂದೆ ಮಾಯವಾಗಿ, ಇನ್ನೊಂದು ಮಗ್ಗುಲಿನಿಂದ ಮತ್ತೆ ಬರಬೇಕು. ಒಟ್ಟು ಎಂಟು ಸುತ್ತು. ರೇಸು ನಡೆಸುವ ಯುವಕ ಮಂಡಳದವರು ಪೆಂಡಾಲು ಹಾಕಿ, ಮೈಕು ಕಟ್ಟಿ, ಮುಖ್ಯ ಅತಿಥಿಗಾಗಿ ಕಾಯುತ್ತ ಕೂತಿದ್ದರು. ಬೆಳಿಗ್ಗೆ ಶುರುವಾಗಬೇಕಾದ ರೇಸು ಬಿಸಿಲು ನೆತ್ತಿಗೇರಿದರೂ ಶುರುವಾಗಲಿಲ್ಲ. ಮುಖ್ಯ ಅತಿಥಿಗಳು ಮುಖ್ಯರಾಗಿಯೂ ಬರಲಿಲ್ಲ, ಅತಿಥಿಗಳಾಗಿಯೂ ಬರಲಿಲ್ಲ. ಕೊನೆಗೆ ಅವರ ಖುರ್ಚಿಗೇ ಹಾರ ಹಾಕಿ ಉದ್ಘಾಟನೆ ಮುಗಿಸಿದರು. ಖುರ್ಚಿ ಭಾಷಣ ಮಾಡಲಿಲ್ಲವಾದ್ದರಿಂದ ಜನ ಮನಸಾರೆ ಚಪ್ಪಾಳೆ ತಟ್ಟಿದರು.

ರಾಚಪ್ಪ ಜೀಪನ್ನು ಗೆರೆಯ ಹತ್ತಿರದ ತಿರುವಿನಲ್ಲಿ ನಿಲ್ಲಿಸಿದ್ದ. ರಾವಸಾಬ ತನ್ನ ಸೋದರಳಿಯನನ್ನು ಅಲ್ಲಿಗೇ ಕರೆತಂದ. ಬಿಸಿಲಿನಲ್ಲಿ ಕರೀ ಜಾಕೀಟು, ಕೈಗೆ ಕೈಗವಸು, ತಲೆಗೆ ಗಲ್ಲದವರೆಗೂ ಮುಚ್ಚುವ ಹೆಲ್ಮೆಟ್ಟು. ಒಳಗೆ ವರ ಇದ್ದಾನೆಂದು ನಂಬಬೇಕಿತ್ತು ಅಷ್ಟೇ.

"ಮಾರಿ ಎಲ್ಲೈತಿ?" ಎಂದಳು ಕಸ್ತೂರೆವ್ವ. "ಕೊಡಾ ಬೋರಲ ಹಾಕ್ಕೊಂಡ ಬಂದಾನಲ್ಲೋ ರಾವಸಾಬಾ! ಮಾರಿ ನೋಡದ ವರ ನೋಡೂದ ಹೆಂಗ?"

"ತೆಗದ್ರ ಮತ್ತ ಹಾಕ್ಕೊಳ್ಳಾಕ ಇಬ್ಬರು ಬೇಕ್ರಿ ಅಜ್ಜಿ," ಎಂದಿತು ಕೊಡದೊಳಗಿನ ದನಿ.

"ಯಾರಿಗಿ ಅಜ್ಜಿ ಅಂತಿ ಲೇ?"

ಸಿದ್ದಲಿಂಗ ಗಾಬರಿಯಾಗಿ ನಮಸ್ಕಾರಕ್ಕೆಂದು ಬಗ್ಗಿದ. ಹೆಲ್ಮೆಟ್ಟು ಹೋಗಿ ರಾಚಪ್ಪನ ಮೊಣಕಾಲಿಗೆ ಟಣ್ ಎಂದು ಬಡಿಯಿತು. ಕಾಲಿಗೆ ಬಿದ್ದವರನ್ನು ರಾಚಪ್ಪ ಬಹಳ ಮಂದಿಯನ್ನು ಕಂಡಿದ್ದ. ಕಾಲನ್ನೇ ಬೀಳಿಸಿದವನನ್ನು ಕಂಡದ್ದು ಅಂದೇ. "ಇರ್ಲಿ, ಹೋಗು, ಗಾಡಿ ಹೊಡಿ ಹೋಗು," ಎಂದು ಮೊಣಕಾಲು ತಿಕ್ಕಿಕೊಂಡ. ಹೋಗುವಾಗ ಹೆಲ್ಮೆಟ್ಟು ಒಂದು ಗಳಿಗೆ ವಿಜಯಲಕ್ಷ್ಮಿಯ ಕಡೆ ತಿರುಗಿತು. ಆಕೆ ನಕ್ಕಳು. ಹೆಲ್ಮೆಟ್ಟು ನಕ್ಕಿತೋ ಇಲ್ಲವೋ ತಿಳಿಯಲಿಲ್ಲ.

ನಿಶಾನೆ ಬಿತ್ತು. ಒಂಬತ್ತು ಗಾಡಿಗಳು ಒಮ್ಮೆಲೇ ಒದರಿದವು. ಮಡ್ಡಿಯ ಮಣ್ಣೆಲ್ಲ ಮೇಲೆದ್ದಿತು, ಜನರೂ ಮೇಲೆದ್ದರು. ಮೊದಲ ಸುತ್ತು ಮುಗಿಸಿ ಬರುವಾಗ ಮುಂದೆ ಮೋರಟಗಿಯ ಅಮಿತ, ಅವನ ಹಿಂದೆ ಇನ್ನೊಬ್ಬ, ಮೂರನೆಯವನು ಸಿದ್ದಲಿಂಗ.

"ಮೂರನೇದಾಂವ," ಎಂದ ರಾಚಪ್ಪ, ಮುದ್ದೇಬಿಹಾಳದ ಫೋನ್ ನಂಬರು ನೆನಪಿಸಿಕೊಳ್ಳುವವನಂತೆ.

ಕಸ್ತೂರೆವ್ವನಿಗೆ ಬೇರೆಯ ಚಿಂತೆ. ವರಪರೀಕ್ಷೆಗೆ ಬಂದು ಏನೂ ಕೇಳದೆ ಹೋಗುವುದು ಹೇಗೆ? ಸಿದ್ದಲಿಂಗ ತಿರುವಿಗೆ ಬರುತ್ತಲೇ ಆಕೆ ಹಾದಿಯಂಚಿಗೆ ಹೋಗಿ ಕೂಗಿದಳು: "ತಮ್ಮಾ, ಹೊಲಾ ಎಷ್ಟ ಎಕರೆ?"

ಬರ್‍ರ್ ಎಂದು ಹೋಯಿತು ಗಾಡಿ.

ಎರಡನೆಯ ಸುತ್ತಿಗೆ ಮತ್ತೆ ಬಂದ. "ನೀರಾವರಿ ಐತೋ, ಒಣಬೇಸಾಯೋ?"

ತಿರುವಿನಲ್ಲಿ ಗಾಡಿ ವಾಲಿತು, ಅವನು ಸಮತೋಲ ಹಿಡಿಯಲು ಎಡಗೈ ಎತ್ತಿದ.

"ಐತಂತ!" ಎಂದು ಕಸ್ತೂರೆವ್ವ ಹಿಗ್ಗಿ ಬಂದಳು. "ಕೈ ಎತ್ತಿ ಹೇಳಿದ. ಐದ ಬೆರಳ ತೋರಿಸಿದ. ಐದ ಬೋರ್ ಅದಾವಂತ."

"ಐದ ಇಲ್ರಿ ಅಕ್ಕಾರ," ಎಂದ ರಾವಸಾಬ.

"ನೀ ಗಪ್ ಕುಂದ್ರೋ. ಹುಡುಗನ ಹೇಳ್ಯಾನ."

ಮೂರನೆಯ ಸುತ್ತಿಗೆ ಸಿದ್ದಲಿಂಗ ಎರಡನೆಯವನಾಗಿದ್ದ. ವಿಜಯಲಕ್ಷ್ಮಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಸುತ್ತಿ ಹಗ್ಗ ಮಾಡಿದ್ದಳು. ಇನ್ನು ಐದು ಸುತ್ತು. ಆ ಅಮಿತನೊಬ್ಬನನ್ನು ದಾಟಿದರೆ ಸಾಕು.

ಅಷ್ಟರಲ್ಲಿ ರಾಚಪ್ಪ ಆಕಾಶ ನೋಡಿ, "ಊಟದ ಹೊತ್ತಾತು," ಎಂದ.

ರೇಸು ನಿಲ್ಲಬಹುದು, ಭೂಮಿ ತಿರುಗುವುದು ನಿಲ್ಲಬಹುದು, ರಾಚಪ್ಪನ ಊಟ ನಿಲ್ಲುವುದಿಲ್ಲ. ಶರ್ಯತ್ತಿನಲ್ಲೂ ಅವನು ನಡುವಿನ ಗದ್ದಲಕ್ಕೆ ಬೆಲೆ ಕೊಟ್ಟವನಲ್ಲ. ಕಡೆಯ ಗಳಿಗೆ ನೋಡಿದರೆ ಸಾಕು ಎಂಬ ಪಂಥದವನು. ಓಟ ನೋಡಲು ಬಂದವರು ಊಟಕ್ಕೆ ಕೂತರು. ಆದರೆ ಧೂಳು? ಅದಕ್ಕೂ ಹೊಲದಲ್ಲಿ ಉಣ್ಣುವವರಿಗೆ ಉಪಾಯ ಗೊತ್ತು. ಗುರವ್ವ ಜೀಪಿನಲ್ಲಿದ್ದ ಕಂಬಳಿ ತೆಗೆದು ಒಂದು ತುದಿಯನ್ನು ಜೀಪಿಗೆ ಕಟ್ಟಿದಳು, ಇನ್ನೊಂದು ತುದಿಯನ್ನು ಮಗಳ ಕೈಗೆ ಕೊಟ್ಟಳು. "ಹಾದಿ ಕಡೆ ಅಡ್ಡ ಹಿಡಿ. ಹಿರ್‍ಯಾರ ಉಂಡ ಮ್ಯಾಲ ನಾವು ಉಣ್ಣೂನು." ಕಂಬಳಿಯ ಒಳಮಗ್ಗುಲಿಗೆ ರಾಚಪ್ಪ, ರಾವಸಾಬ, ಕಸ್ತೂರೆವ್ವ ಕೂತರು, ಗುರವ್ವ ಹಾದಿಗೆ ಬೆನ್ನು ಮಾಡಿ ಬಡಿಸಲು ನಿಂತಳು. ಹೀಗಾಗಿ ಆ ಇಡೀ ಕುಟುಂಬದಲ್ಲಿ ರೇಸು ಕಾಣುತ್ತಿದ್ದುದು ಒಬ್ಬಳಿಗೇ.

ನಾಲ್ಕನೆಯ ಸುತ್ತು ಮುಗಿದು ಐದನೆಯದು ನಡೆದಿತ್ತು. ಸಿದ್ದಲಿಂಗ ಅಮಿತನ ಬೆನ್ನಿಗೇ ಅಂಟಿಕೊಂಡು ತಿರುವಿಗೆ ಬಂದ. ವಿಜಯಲಕ್ಷ್ಮಿ ತುಟಿ ಕಚ್ಚಿ ಹಿಡಿದಳು. ಟಕ್ ಎಂದು ಏನೋ ಸಪ್ಪಳ. ಗಾಡಿ ಬರ್‍ರೆಂದು ಒದರಿತೇ ಹೊರತು ಮುಂದೆ ಹೋಗಲಿಲ್ಲ. ಚೈನು ಬಿದ್ದಿತ್ತು.

ಅವನು ಗಾಡಿಯನ್ನು ಅಂಚಿಗೆ ನೂಕಿ, ಕೈಗವಸು ಕಿತ್ತೊಗೆದು ಕುಕ್ಕರಗಾಲಿನಲ್ಲಿ ಕೂತ. ಕಂಬಳಿಯಿಂದ ನಾಲ್ಕು ಮಾರು ದೂರ. ಒಂದೊಂದಾಗಿ ಎಲ್ಲ ಗಾಡಿಗಳೂ ಅವನನ್ನು ದಾಟಿಹೋದವು. ಇದನ್ನು ಮೈಕಿನಲ್ಲಿ ಹೇಳಬೇಕಾದವನು ಆಗಲೇ ದೇಣಿಗೆ ಕೊಟ್ಟವರ ಹೆಸರು ಓದಲು ಶುರುಮಾಡಿದ್ದ. ದಾನಿಗಳ ನಡುವೆ ಚೈನಿಗೆ ಜಾಗವಿರಲಿಲ್ಲ.

"ಗದ್ದಲ ಕಡಿಮಿ ಆತಲ್ಲ," ಎಂದ ರಾಚಪ್ಪ ಕಂಬಳಿಯ ಹಿಂದಿನಿಂದ, ಬಾಯಲ್ಲಿ ರೊಟ್ಟಿ. "ಕಂಬಳಿ ಇಳಸವ್ವಾ, ಒಂಚೂರ ನೋಡೂನು."

"ಇನ್ನೂ ಧೂಳ ಐತ್ರಿ ಅಪ್ಪಾ."

"ಎಲ್ಲೈತಿ ಧೂಳ?"

"ಐತ್ರಿ. ಮೊಸರಿನಾಗ ಬೀಳ್ತೈತಿ. ಉಣ್ಣ್ರಿ."

ಆಕೆ ಕಂಬಳಿಯನ್ನು ಇನ್ನೊಂದು ಗೇಣು ಎತ್ತಿ ಹಿಡಿದಳು. ಸಿದ್ದಲಿಂಗ ಕರಿ ಬೆರಳುಗಳಿಂದ ಚೈನನ್ನು ಹಲ್ಲಿಗೆ ಕೂಡಿಸುತ್ತಿದ್ದ, ಅದು ಜಾರುತ್ತಿತ್ತು, ಮತ್ತೆ ಕೂಡಿಸುತ್ತಿದ್ದ. ಅವಸರವಿತ್ತು, ಆದರೆ ಗಾಡಿಗೆ ಒಂದು ಬೈಗುಳವನ್ನೂ ಬೈಯಲಿಲ್ಲ. ಬಿಟ್ಟು ಪೆಂಡಾಲಿಗೆ ಹೋಗಿ ನೆರಳಲ್ಲಿ ಕೂರಬಹುದಿತ್ತು. ಹೋಗಲಿಲ್ಲ. ಕೊನೆಗೆ ಚೈನು ಕೂತಿತು. ಅವನು ಕಿಕ್ಕು ಹೊಡೆದ. ಆಗಲೇ ಹಿಂದಿನಿಂದ ಗದ್ದಲ ಕೇಳಿತು: ಮಡ್ಡಿಯನ್ನು ಇನ್ನೊಂದು ಸುತ್ತು ಸುತ್ತಿ ಅಮಿತ ಮತ್ತೆ ತಿರುವಿಗೆ ಬರುತ್ತಿದ್ದ. ಸಿದ್ದಲಿಂಗ ಅವನಿಗಿಂತ ನಾಲ್ಕು ಮಾರು ಮುಂದೆ ಹಾದಿಗಿಳಿದ.

ವಿಜಯಲಕ್ಷ್ಮಿ ಕಾಲೇಜಿನ ಕ್ರೀಡಾಕೂಟದಲ್ಲಿ ಒಮ್ಮೆ ಮೈದಾನ ಸುತ್ತುವ ಓಟ ಓಡಿದವಳು. ಒಂದು ಸುತ್ತು ಹಿಂದೆ ಬಿದ್ದವರು ಎಲ್ಲರಿಗಿಂತ ಮುಂದೆ ಓಡುತ್ತಿರುವಂತೆ ಹೇಗೆ ಕಾಣುತ್ತಾರೆಂದು ಆಕೆಗೆ ಗೊತ್ತಿತ್ತು. ಅಂದು ಹಾಗೆ ಕಂಡವಳು ತಾನೇ, ಚಪ್ಪಾಳೆಯನ್ನೂ ಗಿಟ್ಟಿಸಿದ್ದಳು. ಎತ್ತಿನ ಶರ್ಯತ್ತಿನಲ್ಲಿ ಸುತ್ತಿಲ್ಲ. ನೆಟ್ಟಗೆ ಓಡುವ ಎತ್ತು ಮುಂದಿದ್ದರೆ ಮುಂದೆ, ಹಿಂದಿದ್ದರೆ ಹಿಂದೆ. ಅಪ್ಪ ಜೀವಮಾನವೆಲ್ಲ ನೋಡಿದ್ದು ಅದನ್ನೇ.

ಆಕೆ ಒಂದು ಉಸಿರಿನ ಹೊತ್ತು ಯೋಚಿಸಿದಳು. ಗಾದಿ ಕಣ್ಣ ಮುಂದೆ ಬಂತು, ಹೋಳಿಗೆ ಬಂತು, ತುಪ್ಪ ಬಂತು, ಹಾಲು ಬಂತು. ಕಂಬಳಿ ಕೆಳಗೆ ಬಿಟ್ಟಳು.

"ಈಗ ನೋಡ್ರಿ ಅಪ್ಪಾ," ಎಂದಳು.

ರಾಚಪ್ಪ ಕತ್ತೆತ್ತಿ ನೋಡಿದ. ಎಲ್ಲರ ಮುಂದೆ ಕರೀ ಜಾಕೀಟು. ಅದರ ಮುಂದೆ ಬರೀ ಗಾಳಿ, ಹಿಂದೆ ಧೂಳು, ಧೂಳಿನೊಳಗೆ ಮೋರಟಗಿಯ ಅಮಿತ ಮತ್ತು ಉಳಿದ ಸಂತೆ. ರೊಟ್ಟಿ ಹಿಡಿದ ಕೈ ಹಾಗೇ ಮೇಲೇರಿತು. "ಹೋಯ್! ನಮ್ಮಾಂವ ಮುಂದ ಅದಾನ! ರಾವಸಾಬಾ, ನೋಡೋ ಇಲ್ಲೆ!"

ರಾವಸಾಬ ನೋಡಿದ. ಎಣಗಾಯಿ ಗಂಟಲಲ್ಲಿ ಸಿಕ್ಕಿತು. "ನಾ ಹೇಳಿದ್ನಿಲ್ರಿ!" ಎಂದ ಕೆಮ್ಮುತ್ತಲೇ, ತಾನು ಏನು ಹೇಳಿದ್ದೆನೆಂದು ಅವನಿಗೂ ನೆನಪಿರಲಿಲ್ಲ.

ಇನ್ನು ಊಟ ಯಾರಿಗೆ ಬೇಕು? ಏಳನೆಯ ಸುತ್ತಿಗೂ ಸಿದ್ದಲಿಂಗ ಮುಂದೆ, ಎಂಟನೆಯದಕ್ಕೂ ಮುಂದೆ. ಅವನು ಹಲ್ಲು ಕಚ್ಚಿ ಓಡಿಸುತ್ತಿದ್ದ. ಅಮಿತನಿಗೆ ಅವನನ್ನು ದಾಟುವ ಅವಸರವೇ ಇರಲಿಲ್ಲ, ಏಕೆಂದರೆ ಅಮಿತನಿಗೆ ಎಣಿಸಲು ಬರುತ್ತಿತ್ತು. ಗೆರೆಯಲ್ಲಿ ನಿಂತವನು ನಿಶಾನೆ ಎತ್ತಿದ. ಸಿದ್ದಲಿಂಗ ಗೆರೆ ದಾಟಿದ. ಹಿಂದೆಯೇ ಅಮಿತ ದಾಟಿದ, ನಿಶಾನೆ ಬಿತ್ತು. ಯಾರಿಗಾಗಿ ಬಿತ್ತು ಎಂದು ನಿಶಾನೆಯ ಮೇಲೆ ಬರೆದಿರಲಿಲ್ಲ.

"ಗೆದ್ದ!" ರಾಚಪ್ಪ ರುಮಾಲು ಮೇಲೆ ತೂರಿದ. "ಯಕ್ಕಾ, ಡಬ್ಬಿ ತಾ!"

ಆಮೇಲೆ ನಡೆದದ್ದು ಸ್ವಲ್ಪ ಸಿಹಿ, ಸ್ವಲ್ಪ ಜುಲುಮೆ. ರಾಚಪ್ಪ ಸಕ್ಕರೆ ಮುಷ್ಟಿಯಲ್ಲಿ ಹಿಡಿದು ರಾವಸಾಬನ ಬಾಯಿಗೆ ಹಾಕಿದ, ರಾವಸಾಬ ಅವನ ಬಾಯಿಗೆ ಹಾಕಿದ. ಪಕ್ಕದ ಟ್ರ್ಯಾಕ್ಟರಿನ ಮೇಲೆ ಕೂತವರ ಬಾಯಿಗೆ ಹಾಕಿದ. ಐಸ್‌ಕ್ರೀಮಿನವನ ಬಾಯಿಗೂ ಹಾಕಿದ. "ಹತ್ತ ಮಂದಿ ಸಾಕ್ಷಿ! ಹೂವಿನ ಹಿಪ್ಪರಗಿ ಸಿದ್ದಲಿಂಗಗ ನನ್ನ ಮಗಳನ್ನ ಕೊಟ್ಟೇನಿ!" ಜನ ಸಕ್ಕರೆ ತಿಂದು ಹೋ ಎಂದರು.

"ಅಂವ ಇನ್ನೂ ಓಡಸಾಕತ್ತಾನಲ್ಲೋ ರಾಚ್ಯಾ?" ಎಂದಳು ಕಸ್ತೂರೆವ್ವ. ನಿಜ. ಉಳಿದವರೆಲ್ಲ ಗಾಡಿ ನಿಲ್ಲಿಸಿ ನೀರು ಕುಡಿಯುತ್ತಿದ್ದರೆ, ಸಿದ್ದಲಿಂಗ ಒಬ್ಬನೇ ಮಡ್ಡಿಯ ಹಿಂದೆ ಮಾಯವಾಗುತ್ತಿದ್ದ. ಅವನದು ಒಂದು ಸುತ್ತು ಬಾಕಿ ಇತ್ತು.

ರಾಚಪ್ಪನ ಕಣ್ಣು ತುಂಬಿ ಬಂದವು. "ದೇವರ ಸುತ್ತ ಹಾಕಾಕತ್ತಾನ ಯಕ್ಕಾ. ಗೆದ್ದ ಮ್ಯಾಲೂ ಮಡ್ಡಿಗಿ ಒಂದ ಪ್ರದಕ್ಷಿಣಿ! ಇಂಥಾ ಸಂಸ್ಕಾರ ಈಗಿನ ಹುಡುಗೂರಾಗ ಎಲ್ಲೈತಿ?"

ವಿಜಯಲಕ್ಷ್ಮಿ ಕಂಬಳಿ ಮಡಚುವುದರಲ್ಲಿ ಮುಳುಗಿದಳು. ಮಡಚಿದ್ದನ್ನೇ ಬಿಚ್ಚಿ ಮತ್ತೆ ಮಡಚಿದಳು.

ಅಷ್ಟರಲ್ಲಿ ಮೈಕು ಕೆಮ್ಮಿತು. "ಮೊದಲನೇ ಬಹುಮಾನ, ಮೋರಟಗಿಯ ಅಮಿತ." ಎರಡನೆಯವನ ಹೆಸರು ಬಂತು, ಮೂರನೆಯವನದು ಬಂತು. "ಹೂವಿನ ಹಿಪ್ಪರಗಿಯ ಸಿದ್ದಲಿಂಗ ಅವರು ಕಟ್ಟಕಡೆಗೆ ಬಂದರೂ ಓಟ ಪೂರ್ತಿ ಮಾಡಾಕತ್ತಾರ. ಅವರಿಗೊಂದು ಚಪ್ಪಾಳಿ."

ರಾಚಪ್ಪ ಸಕ್ಕರೆಯ ಕೈಯಲ್ಲೇ ಪೆಂಡಾಲಿಗೆ ನುಗ್ಗಿದ. ಮನೆಮಂದಿ ಹಿಂದೆ ಓಡಿದರು. ಅವನು ಮೈಕಿನವನ ಕೊರಳಪಟ್ಟಿ ಹಿಡಿದ. ಮೈಕು ಚಾಲೂ ಇತ್ತು, ಇಡೀ ಮಡ್ಡಿ ಕೇಳುತ್ತಿತ್ತು.

"ಏಯ್, ಗೆರಿ ಮೊದಲ ದಾಟಿದಾಂವ ಯಾರೋ?"

"ಸಿದ್ದಲಿಂಗರಿ. ಆದ್ರ ಅಂವಂದು ಅದು ಏಳನೇ ಸುತ್ರಿ. ಅಮಿತಂದು ಎಂಟನೇದು."

"ಗೆರಿ ಒಂದ ಐತೋ, ಎಂಟ ಅದಾವೋ?"

"ಒಂದ ಐತ್ರಿ."

"ಮತ್ತ?"

"ಯಜಮಾನ್ರ, ಚೈನ್ ಬಿದ್ದು ಅಂವ ಒಂದ ಸುತ್ತ ಹಿಂದ ಉಳದಾನ್ರಿ. ಎಲ್ಲಾರೂ ನೋಡ್ಯಾರ. ನಿಮ್ಮ ಎದುರಿಗೇ ಕುಂತ ಹಾಕ್ಕೊಂಡಾನಲ್ರಿ. ಅಲ್ಲೆ ಕಂಬಳಿ ಅಡ್ಡ ಹಿಡದಿದ್ರಲ್ಲ, ಅದರ ಮುಂದ."

ರಾಚಪ್ಪನ ಹಿಡಿತ ಸಡಿಲಾಯಿತು. ಮೆಲ್ಲಗೆ ಕತ್ತು ತಿರುಗಿಸಿ ಮಗಳನ್ನು ನೋಡಿದ. ವಿಜಯಲಕ್ಷ್ಮಿಯ ತೋಳಿನ ಮೇಲೆ ಕಂಬಳಿ ಇತ್ತು. ಆಕೆ ನೆಲ ನೋಡಲಿಲ್ಲ, ಅಪ್ಪನನ್ನೇ ನೋಡಿದಳು. ಬಯ್ಯುವುದಿದ್ದರೆ ಈಗಲೇ ಬಯ್ಯಲಿ ಎನ್ನುವಂತೆ. ಗುರವ್ವ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಇನ್ನೇನು, ಮುದ್ದೇಬಿಹಾಳ ಎಂಬ ಹೆಸರು ಆ ಮೀಸೆಯಡಿಯಿಂದ ಹೊರಬೀಳುತ್ತದೆ ಎಂದು ವಿಜಯಲಕ್ಷ್ಮಿ ಕಾದಳು.

ರಾಚಪ್ಪನ ಕಣ್ಣು ಮಗಳ ಮೇಲಿಂದ ರಾವಸಾಬನ ಮೇಲೆ ಹೋಯಿತು, ಅವನು ತುಟಿಯಂಚಿನ ಸಕ್ಕರೆ ನೆಕ್ಕುತ್ತಿದ್ದ. ಟ್ರ್ಯಾಕ್ಟರಿನವರ ಮೇಲೆ ಹೋಯಿತು. ಅವರಲ್ಲಿ ಶರ್ಯತ್ತಿನ ಮಂದಿ ಇದ್ದರು. ಅವನ ತೀರ್ಪು ಕೇಳಿ ಟಾವೆಲ್ಲು ಕೊಡವಿಕೊಂಡು ಹೋದವರೂ ಇದ್ದರು. ಅವರೆಲ್ಲ ಈಗ ಸುಮ್ಮನೆ, ಬಹಳ ಆಸೆಯಿಂದ, ಪಂಚ ತಪ್ಪಿದ್ದನ್ನು ಒಪ್ಪಿಕೊಳ್ಳುವ ಗಳಿಗೆಗಾಗಿ ಕಾಯುತ್ತಿದ್ದರು.

ರಾಚಪ್ಪ ಮೈಕನ್ನು ಕಸಿದುಕೊಂಡ.

"ಇಂಡಿ ರಾಚಪ್ಪ ಹೇಳಾಕತ್ತೇನಿ. ಮೊದಲ ಗೆರಿ ದಾಟಿದ್ದು ನಾ ಕಣ್ಣಾರೆ ನೋಡೇನಿ. ನನ್ನ ಅಳಿಯಾ ಗೆದ್ದಾನ. ಕಪ್ ಬೇಕಾದ್ರ ಮೋರಟಗಿಯಾಂವಗ ಕೊಡ್ರಿ, ನಮಗ ಹಿತ್ತಾಳಿ ಬ್ಯಾಡ, ಮನಿಯಾಗ ಕೊಡಾ ರಗಡ ಅದಾವು. ತೀರ್ಪ ಅಂದ್ರ ತೀರ್ಪ."

ಇಷ್ಟು ಗಟ್ಟಿಯಾಗಿ ಯಾರಾದರೂ ಕೂಗಿದರೆ ಚಪ್ಪಾಳೆ ತಟ್ಟುವುದು ಜನರ ರೂಢಿ. ತಟ್ಟಿದರು. ಸರಿಯಾಗಿ ಆಗಲೇ, ಆಗಬಾರದ ಗಳಿಗೆಯಲ್ಲಿ, ಸಿದ್ದಲಿಂಗ ಬಾಕಿ ಸುತ್ತು ಮುಗಿಸಿ ಪೆಂಡಾಲಿಗೆ ಬಂದ. ಹೆಲ್ಮೆಟ್ಟು ಕಂಕುಳಲ್ಲಿತ್ತು. ಕೊನೆಗೂ ಮಾರಿ ಕಂಡಿತು: ಬೆವರು, ಮೂಗಿನ ಮೇಲೆ ಗ್ರೀಸು, ಮತ್ತು ಯಾವ ಸಂಬಂಧವನ್ನಾದರೂ ಕೆಡಿಸಬಲ್ಲ ಒಂದು ಪ್ರಾಮಾಣಿಕತೆ.

"ಸಾಹುಕಾರ್ರ, ನಾ ಕಡೇಕ ಬಂದೇನ್ರಿ," ಎಂದ.

"ಸಾಹುಕಾರ ಅಲ್ಲ, ಮಾಮಾ ಅನ್ನು. ನೀ ಗೆದ್ದಿ."

"ಇಲ್ರಿ ಮಾಮಾ. ಚೈನ್ ಬಿತ್ರಿ. ಒಂದ ಸುತ್ತ ಹೋತ್ರಿ."

"ನೀ ಸುಮ್ಕಿರು. ನಿನಗೇನ ಗೊತ್ತೈತಿ? ನೀ ಗಾಡಿ ಹೊಡ್ಯಾಕತ್ತಿದ್ದಿ. ನೋಡಿದಾಂವ ನಾನು."

ಜನ ನಕ್ಕರು. ಸಿದ್ದಲಿಂಗ ನಗಲಿಲ್ಲ. ಮೈಕು ಇನ್ನೂ ಚಾಲೂ ಇದ್ದುದನ್ನು ಅವನು ಗಮನಿಸಲಿಲ್ಲ. "ನೀವ ಮೊದಲ ಬಂದ್ರ ಅಷ್ಟ ಸಕ್ಕರಿ ಅಂದಿದ್ರಂತಲ್ರಿ. ಸುಳ್ಳ ಗೆಲುವಿನ ಮ್ಯಾಲ ನಾ ಹೆಂಗ..."

ರಾಚಪ್ಪನ ಕಿವಿ ಕೆಂಪಾದವು. ಅವನು ಇಡೀ ತಾಲೂಕಿನ ಎದುರು ಈ ಹುಡುಗನನ್ನು ಗೆಲ್ಲಿಸಲು ಹೆಣಗುತ್ತಿದ್ದರೆ, ಹುಡುಗ ಅಷ್ಟೇ ಹಟದಿಂದ ಸೋಲುತ್ತಿದ್ದ. ಇನ್ನೊಂದು ಮಾತು ಆಡಿದರೆ ಸಕ್ಕರೆ ಕರಗಿ ಹೋಗುವುದು ಖಂಡಿತ. ಸಿದ್ದಲಿಂಗ ಆ ಇನ್ನೊಂದು ಮಾತಿಗಾಗಿ ಬಾಯಿ ತೆರೆದ.

ವಿಜಯಲಕ್ಷ್ಮಿ ಕಂಬಳಿಯನ್ನು ತಾಯಿಯ ಕೈಗೆ ಕೊಟ್ಟಳು, ಸೋದರತ್ತೆಯ ಡಬ್ಬಿಗೆ ಕೈ ಹಾಕಿದಳು, ಮೂರು ಹೆಜ್ಜೆಗೆ ಪೆಂಡಾಲು ದಾಟಿ ಬಂದು ತೆರೆದ ಬಾಯಿಗೆ ಒಂದು ಹಿಡಿ ಸಕ್ಕರೆ ತುರುಕಿದಳು.

ಮಡ್ಡಿಯ ತುಂಬ ಎದ್ದ ಸೀಟಿ, ಕೇಕೆ, ಹೋ ಎನ್ನುವ ಗದ್ದಲಕ್ಕೆ ಗಿಡದ ಮೇಲೆ ಹತ್ತಿ ಕೂತಿದ್ದ ಇಬ್ಬರು ಕೆಳಗೆ ಬಿದ್ದರು.

"ಅಯ್ಯ ನನ ಶಿವನ! ಕನ್ಯಾನ ಸಕ್ಕರಿ ತಿನಸ್ತಾಳ!" ಎಂದು ಕಸ್ತೂರೆವ್ವ ಹಣೆ ಬಡಿದುಕೊಂಡಳು. "ರಾಚ್ಯಾ, ನಿನ್ನ ಮಗಳಿಗಿ ಬುದ್ಧಿ ಹೇಳಾಂವರು ಯಾರೂ ಇಲ್ಲೇನೋ?"

ರಾಚಪ್ಪ ಮಗಳನ್ನು ನೋಡಿದ, ಬಾಯಿ ತುಂಬಿದ ಅಳಿಯನನ್ನು ನೋಡಿದ. ಹುಡುಗ ಮಾತಾಡಲಾರದೆ ಒದ್ದಾಡುತ್ತಿದ್ದುದು ಅವನಿಗೆ ಬಹಳ ನೆಮ್ಮದಿ ಕೊಟ್ಟಿತು. "ಇದ್ದಾರ ಯಕ್ಕಾ," ಎಂದ, "ಇಬ್ಬರಿಗೂ ಒಬ್ಬರಿಗೊಬ್ಬರು ಇದ್ದಾರ," ಎಂದು ರುಮಾಲು ಸುತ್ತಿಕೊಳ್ಳುತ್ತ, ಮೈಕಿನವನಿಗೆ ರೇಸು ನಡೆಸುವುದು ಹೇಗೆಂದು ಕಲಿಸಲು ಹೋದ.

ಸಿದ್ದಲಿಂಗ ಅಗಿದ. ಹಿಡಿ ಸಕ್ಕರೆ ಅಗಿಯುವುದು ಸಣ್ಣ ಕೆಲಸವಲ್ಲ. ನುಂಗಿ, ಕೆಮ್ಮಿ, ಆಕೆಯೊಬ್ಬಳಿಗೇ ಕೇಳುವಷ್ಟು ಸಣ್ಣ ದನಿಯಲ್ಲಿ ಕೇಳಿದ: "ಚೈನ್ ಬಿದ್ದದ್ದು ನೀವು ನೋಡಿದ್ರೇನ್ರಿ?"

"ನೋಡೇನ್ರಿ," ಎಂದಳು ವಿಜಯಲಕ್ಷ್ಮಿ. "ಕೂಡಿಸಿದ್ದೂ ನೋಡೇನಿ."